ನನ್ನ ಮಣಿಕಟ್ಟಿನ ಕಡತ

ಕೈ ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಿದವರು ಯಾರೂ ನಮ್ಮ ಕಡೆ ಸುಮ್ಮನೆ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ. ಹೇಳಿದ ಕೂಡಲೇ ಏನಾದರೊಂದು ಶುರುವಾಗುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಕೇಳಿದವರು ನಗುತ್ತಾರೆ. ನಗಲಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾನು ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವವಳು. ಇಲಾಖೆಯ ಹೆಸರು ಬೇಡ. ಹಳೆಯ ಜಮೀನು ದಾಖಲೆಗಳ ನಕಲು ಕೊಡುವುದು ನಮ್ಮ ಕೆಲಸ. ಸಿಬ್ಬಂದಿ ಇಲ್ಲವೆಂದು ಮಂಗಳವಾರ ದೇವದುರ್ಗಕ್ಕೂ ಶುಕ್ರವಾರ ಮಾನ್ವಿಗೂ ನನ್ನನ್ನೇ ಕಳಿಸುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಅದರಿಂದಾದ ಉಪಯೋಗ ಇಷ್ಟೇ: ದಿನಕ್ಕೆ ಎಷ್ಟು ಸಲ ಮೌಸ್ ಒತ್ತುತ್ತೇನೆ ಎಂದು ಒಂದು ವಾರ ಗೀಟು ಹಾಕಿ ಎಣಿಸಿದೆ. ಹೇಳಿದರೆ ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಒತ್ತಿ ಒತ್ತಿ ಬಲಗೈಯ ಮಣಿಕಟ್ಟು ಕೆಟ್ಟಿತು. ಬಾಚಣಿಗೆ ಹಿಡಿದರೆ ಜಾರುತ್ತಿತ್ತು. ರೊಟ್ಟಿ ಬಡಿಯುವುದು ಬಿಟ್ಟೆ. ಕೊನೆಗೆ ನೀರಿನ ಚೆಂಬು ಎತ್ತಲೂ ಎಡಗೈ ಬೇಕಾಯಿತು. ನಾನು ಕೇಳಿದ್ದು ಬಡ್ತಿಯಲ್ಲ, ವರ್ಗಾವಣೆಯಲ್ಲ. ಆ ಕೈಗೆ ಒಂದಿಷ್ಟು ದಿನ ಬಿಡುವು. ಮುಂದಿನದೆಲ್ಲ ಆ ಬಿಡುವನ್ನು ಕೇಳಲು ಹೋದ ಕಥೆ.

ಒಂದು ಕುರ್ಚಿ, ಮೂರು ಹುದ್ದೆ

ಮೊದಲು ಕೈ ಕೆಟ್ಟ ಬಗೆ ಹೇಳಬೇಕು. ನಮ್ಮಲ್ಲಿ ಒಂದು ಕಡತ ಮೂರು ಮೆಟ್ಟಿಲು ಹತ್ತಬೇಕು. ಗುಮಾಸ್ತೆಯಾದ ನಾನು ನಮೂದಿಸಬೇಕು, ಮ್ಯಾನೇಜರು ಪರಿಶೀಲಿಸಬೇಕು, ಸಾಹೇಬರು ಮಂಜೂರು ಮಾಡಬೇಕು. ಕಂಪ್ಯೂಟರ್ ಬಂದ ಮೇಲೆ ಮೂವರಿಗೂ ಒಂದೊಂದು ಡಿಜಿಟಲ್ ಸಹಿಯ ಕೀ ಕೊಟ್ಟರು. ಪೆನ್‌ಡ್ರೈವಿನಂತಹ ತುಂಡು, ಅದನ್ನು ಕಂಪ್ಯೂಟರಿಗೆ ಚುಚ್ಚಿ ಪಿನ್ ಹೊಡೆದರೆ ಸಹಿ ಬೀಳುತ್ತದೆ. ಕೊಟ್ಟ ವಾರದಲ್ಲೇ ಮೂರೂ ಕೀಗಳು ನನ್ನ ಮೇಜಿನ ಡ್ರಾ ಸೇರಿದವು. ಪಿನ್‌ಗಳನ್ನು ಬರೆದ ಚೀಟಿ ಮಾನಿಟರಿನ ಮೂಲೆಗೆ ಅಂಟಿತು.

"ಸರ್, ನಿಮ್ಮ ಕೀ ನೀವು ಇಟ್ಕೊಳ್ರಿ," ಅಂದೆ.

ಸಾಹೇಬರಿಗೆ ಬೇಜಾರಾಯಿತು. "ನಾನು ಸಹಿ ಮಾಡ್ಕೋತ ಕುಂತ್ರ ಮೀಟಿಂಗಿಗೆ ಯಾರು ಹೋಗ್ತಾರ್ರೀ?"

ಹೀಗೆ ನಾನು ಗುಮಾಸ್ತೆಯಾಗಿ ಕಡತ ಕಳಿಸುತ್ತಿದ್ದೆ, ಮ್ಯಾನೇಜರಾಗಿ ತಪ್ಪು ಹುಡುಕುತ್ತಿದ್ದೆ, ಸಾಹೇಬರಾಗಿ ಒಪ್ಪುತ್ತಿದ್ದೆ. ಒಂದು ಕಡತಕ್ಕೆ ನಕಾಶೆ ಲಗತ್ತಿಸುವುದು ಮರೆತಿತ್ತು. ಮ್ಯಾನೇಜರ ಕೀ ಚುಚ್ಚಿದ ಮೇಲೆ ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಕಡತ ನನ್ನ ಕೈಬಿಟ್ಟು ಮ್ಯಾನೇಜರಲ್ಲಿಗೆ ಹೋಗಿತ್ತು. ಟಿಪ್ಪಣಿ ಬರೆಯದೆ ಅದು ಹಿಂದಕ್ಕೆ ಬರುವುದಿಲ್ಲ. "ನಕಾಶೆ ಲಗತ್ತಿಸಿಲ್ಲ, ಇಂತಹ ನಿರ್ಲಕ್ಷ್ಯ ಸಹಿಸಲಾಗದು" ಎಂದು ನನಗೆ ನಾನೇ ಬರೆದು, "ಇನ್ನು ಮುಂದೆ ಎಚ್ಚರ ವಹಿಸುತ್ತೇನೆ" ಎಂದು ನಾನೇ ಉತ್ತರ ಕೊಟ್ಟು, ಕಡತ ಮುಂದೆ ಸಾಗಿಸಿದೆ.

ತಿಂಗಳ ಸಭೆಯಲ್ಲಿ ಸಾಹೇಬರು ಆ ಟಿಪ್ಪಣಿಯನ್ನು ಎಲ್ಲರೆದುರು ಓದಿದರು. ಮ್ಯಾನೇಜರು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದರು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿದರು.

"ನೋಡ್ರಿ ಮೇಡಂ, ಮ್ಯಾನೇಜರು ಎಷ್ಟು ಖಡಕ್ ಅದಾರ. ಅವರನ್ನ ನೋಡಿ ಸ್ವಲ್ಪ ಕಲೀರಿ."

ಮೌಸಿನ ತೂಕ

ಮಾನ್ವಿಯಲ್ಲಿ ಒಬ್ಬ ಅಕ್ಕಿ ಗಿರಣಿಯ ಮಾಲೀಕರು ಜಾಗದ ಕಾಗದಕ್ಕೆ ಬಂದಿದ್ದರು. ಪಂಚನಾಮೆಗೆ ಸಾಕ್ಷಿ ಬೇಕೆಂದು ಗಿರಣಿಯ ಹಮಾಲನೊಬ್ಬನನ್ನು ಜೊತೆಗೆ ಕರೆತಂದಿದ್ದರು. ನಾನು ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದದ್ದನ್ನು ಮಾಲೀಕರು ನೋಡಿದರು.

"ಏನಾಗ್ಯದ್ರೀ ಮೇಡಂ?"

"ಮೌಸ್ ಹಿಡದು ಹಿಡದು ಕೈ ಬ್ಯಾನಿ ಆಗ್ಯದ."

ಅವರು ಮೇಜಿನ ಮೇಲೆ ಬಗ್ಗಿ, ಕೇಳದೆಯೇ ಮೌಸ್ ಎತ್ತಿಕೊಂಡರು. ಭತ್ತದ ಮಾದರಿ ನೋಡುವವರಂತೆ ಅಂಗೈಯಲ್ಲಿ ಎರಡು ಸಲ ಕುಲುಕಿ ತೂಗಿದರು.

"ನೂರು ಗ್ರಾಂ ಇಲ್ಲಲ್ರೀ ಇದು. ನಮ್ಮ ಹಮಾಲ್ರು ಐವತ್ತು ಕೇಜಿ ಚೀಲ ದಿನಾ ನೂರು ಹೊರ್ತಾರ. ಒಬ್ಬರರೆ ಕೈ ಬ್ಯಾನಿ ಅಂತ ಕುಂತಾರೇನು? ಓದಿದೋರಿಗೆ ಎಲ್ಲಾನೂ ಬ್ಯಾನಿ. ಕೇಳ್ರಿ ಬೇಕಾದ್ರ ಇವನ್ನ."

ಕೇಳದಿದ್ದರೂ ಹಮಾಲ ಹೇಳಿದ. "ಯಪ್ಪಾ, ನಾವು ಚೀಲ ಹೊತ್ತು ಇಳಸ್ತೀವ್ರಿ. ಇಳಸಿ ಬೀಡಿ ಸೇದ್ತೀವಿ. ಈ ಯವ್ವ ಮುಂಜಾನಿಂದ ಹಿಡದದ್ದು ಇನ್ನೂ ಇಳಸಿಲ್ಲಲ್ರೀ."

ವಿಶ್ವವಿದ್ಯಾಲಯ, ಗ್ರಂಥಾಲಯ, ಇಂಟರ್‌ನೆಟ್ ಎಲ್ಲ ಜಾಲಾಡಿದರೂ ನನ್ನ ರೋಗಕ್ಕೆ ಇಷ್ಟು ಸ್ಪಷ್ಟ ವ್ಯಾಖ್ಯೆ ಸಿಕ್ಕಿರಲಿಲ್ಲ. ಮಾಲೀಕರಿಗೆ ಅವಮಾನವಾಯಿತು.

"ಹೌದಾ? ಅಷ್ಟು ತಿಳಿದಿದ್ರ ಹೋಗು, ಅಲ್ಲಿ ಫ್ಯಾನಿನ ಬುಡಕ ಕುಂದ್ರು. ನಾಳಿಂದ ಮೇಡಂ ಚೀಲ ಹೊರ್ತಾರ, ನೀ ಇಲಿ ಹಿಡಿ."

ಹಮಾಲ ಕುರ್ಚಿಯನ್ನು ನೋಡಿದ, ಪರದೆಯನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ಮೂವತ್ತು ಜನರ ಸಾಲನ್ನು ನೋಡಿದ.

"ಬ್ಯಾಡ್ರಿ ಯಪ್ಪಾ. ಚೀಲನ ಛಲೋ ಅದ."

ಮಹಡಿಯ ಮೇಲಿನ ವೈದ್ಯರು

ರಾಯಚೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ 'ಆಸ್ಟಿಯೋಪಥಿ' ಎಂಬ ಫಲಕ ಏರಿತು. ಗುಳಿಗೆ ಇಲ್ಲ, ಸೂಜಿ ಇಲ್ಲ. ಕೈಯಿಂದ ಒತ್ತಿ, ಎಳೆದು, ತಿರುಗಿಸಿ ಕೀಲು ಸ್ನಾಯು ಸರಿಪಡಿಸುವ ವಿದ್ಯೆ. ಅಷ್ಟು ಹೊತ್ತಿಗೆ ಗುಳಿಗೆ ನುಂಗಿ ಹೊಟ್ಟೆ ಕೆಟ್ಟಿತ್ತು, ಪಟ್ಟಿ ಕಟ್ಟಿ ಚರ್ಮ ಕೆಟ್ಟಿತ್ತು. ಕೆಡಲು ಇನ್ನೇನೂ ಉಳಿದಿಲ್ಲವೆಂದು ಹೋದೆ. ನಂಬಿಕೆ ಇತ್ತೆಂದು ಯಾರೂ ತಿಳಿಯಬಾರದು.

ವೈದ್ಯರು ನನಗಿಂತ ಚಿಕ್ಕವರು. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದರು.

"ಎಲ್ಲಿ ಬ್ಯಾನಿ?"

"ಮಣಿಕಟ್ಟಿನಾಗ."

ಅವರು ಹಿಂದೆ ಹೋಗಿ ಹೆಗಲು ಹಿಡಿದರು.

"ನಾ ಮಣಿಕಟ್ಟು ಅಂದೆ."

"ನೀವು ಹಂಗ ಅಂತೀರಿ. ನಿಮ್ಮ ಹೆಗಲು ಬ್ಯಾರೆ ಹೇಳಾಕತ್ತದ."

ಹೆಗಲು ಮಾತಾಡುತ್ತದೆ ಅನ್ನುವ ವೈದ್ಯರ ಎದುರಿನಿಂದ ಎದ್ದು ಬರುವುದು ನನ್ನ ರೂಢಿ. ಏಳಬೇಕು ಅನ್ನುವಷ್ಟರಲ್ಲಿ ಅವರು ಎಲ್ಲೋ ಒತ್ತಿದರು, ಬೆರಳ ತುದಿಯವರೆಗೆ ಝುಮ್ಮೆಂದಿತು. ಕೂತೆ. ಅರ್ಧ ತಾಸು ಕುತ್ತಿಗೆ, ಬೆನ್ನು, ಮೊಣಕೈ ಎಲ್ಲ ಬಿಡಿಸಿದರು. ಮಣಿಕಟ್ಟನ್ನು ಕೊನೆಗೆ ಮುಟ್ಟಿದರು, ಊರಿಗೆಲ್ಲ ಹಂಚಿ ಉಳಿದದ್ದನ್ನು ಮನೆಯವರಿಗೆ ಕೊಟ್ಟ ಹಾಗೆ.

"ಇದರಿಂದ ಆರಾಮ ಆಗ್ತದ ಅನ್ನಾಕ ಪುರಾವೆ ಏನದರೀ?" ಎಂದು ಕೇಳಿದೆ.

"ಪೂರಾ ಇಲ್ರೀ," ಅಂದರು. "ಕೆಲವರಿಗೆ ಆಗ್ತದ, ಕೆಲವರಿಗೆ ಇಲ್ಲ. ನಾ ಅರ್ಧ ತಾಸು ಬಿಡಿಸಿದ್ದನ್ನ ನೀವು ಎಂಟು ತಾಸು ಕುಂತು ಮತ್ತ ಬಿಗದ್ರ ಯಾರಿಂದೂ ಆಗಂಗಿಲ್ಲ. ಮೂರು ವಾರ ಮೌಸ್ ಮುಟ್ಟಬ್ಯಾಡ್ರಿ. ಆಮ್ಯಾಲ ಕುರ್ಚಿ ಎತ್ತರ ಮಾಡ್ಕೊಳ್ರಿ, ಮೊಣಕೈ ಮೇಜಿನ ಸಮ ಬರಬೇಕು. ಅರ್ಧ ತಾಸಿಗೊಮ್ಮೆ ಏಳ್ರಿ."

ಪುರಾವೆ ಪೂರಾ ಇಲ್ಲ ಎಂದು ಒಪ್ಪಿದ ವೈದ್ಯರನ್ನು ನಾನು ನೋಡಿದ್ದು ಅದೇ ಮೊದಲು. ಎರಡು ದಿನ ಕೈ ಹಗುರಾಗಿತ್ತು. ಒಬ್ಬಳ ಎರಡು ದಿನದಿಂದ ಏನೂ ಸಿದ್ಧವಾಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಆ ಎರಡು ದಿನ ರೊಟ್ಟಿ ಬಡಿದೆ.

ಹೊರಡುವಾಗ ಕೇಳಿದೆ, "ನಿಮ್ಮ ಹೆಬ್ಬೆಟ್ಟಿಗೆ ಏನಾಗ್ಯದ?"

"ಮಂದಿ ಬೆನ್ನು ಒತ್ತಿ ಒತ್ತಿ ಬ್ಯಾನಿ."

"ನೀವೂ ಮೂರು ವಾರ ಬಿಡ್ರಲ್ಲ."

"ಎಲ್ಲಿ ಬಿಡೂದ್ರೀ ಮೇಡಂ," ಅಂದರು. "ನಿಮ್ಮಂಥ ಆಫೀಸಿನೋರು ಬೆನ್ನು ಹಿಡಕೊಂಡು ಬರೂದು ಬಿಟ್ಟರಲ್ಲೇನು."

ಕುರ್ಚಿಯ ಎತ್ತರ

ಮೂರು ವಾರ ಸಿಗುವ ತನಕ ಕುರ್ಚಿಯಾದರೂ ಎತ್ತರವಾಗಲಿ ಎಂದು ಅರ್ಜಿ ಕೊಟ್ಟೆ. ಏರಿಸಿ ಇಳಿಸುವ ಕುರ್ಚಿ ನನ್ನ ದರ್ಜೆಗೆ ಬರುವುದಿಲ್ಲವಂತೆ. ಅದು ಸಾಹೇಬರ ದರ್ಜೆಗೆ. ಸಾಹೇಬರು ಅದರಲ್ಲಿ ಕೂಡುವುದಿಲ್ಲ, ಅದು ಬೇರೆ ಮಾತು. ಅದರ ಮೇಲೆ ಟವೆಲ್ ಕೂತಿರುತ್ತದೆ.

ದೇವದುರ್ಗದ ಕಚೇರಿಯ ಅಟೆಂಡರ್ ಒಳ್ಳೆಯ ಮನುಷ್ಯ. "ಅದಕ್ಯಾಕ ಅರ್ಜಿ ಹಾಕ್ತೀರಿ ಅಕ್ಕಾರ," ಎಂದು ದಾಖಲೆ ಕೋಣೆಗೆ ಹೋಗಿ, ದಪ್ಪ ರಟ್ಟಿನ ಎರಡು ಹಳೆಯ ರಿಜಿಸ್ಟರ್ ತಂದು ಕುರ್ಚಿಯ ಮೇಲಿಟ್ಟು, ಟವೆಲ್ ಹಾಸಿದ. ಕೂತೆ. ಮೊಣಕೈ ಮೇಜಿನ ಸಮ ಬಂತು. ಎರಡು ತಿಂಗಳ ಮಂಗಳವಾರಗಳು ಸುಖವಾಗಿ ಕಳೆದವು.

ಆ ತಾಲೂಕಿನ ಒಬ್ಬ ನಿವೃತ್ತ ಉರ್ದು ಮೇಷ್ಟ್ರು ಅಜ್ಜನ ಕಾಲದ ಜಮೀನಿನ ನಕಲಿಗೆ ಅಲೆಯುತ್ತಿದ್ದರು. ದಾಖಲೆ ಕೋಣೆಯಲ್ಲಿ ತಾವೇ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ, 'ಸದರಿ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ' ಎಂದು ನಾನು ಹಿಂಬರಹ ಟೈಪ್ ಮಾಡಿ ಕೊಡುತ್ತಿದ್ದೆ. ಆ ದಿನ ನಾಲ್ಕನೆಯದು ಟೈಪ್ ಮಾಡುತ್ತಿದ್ದೆ.

"ನನ್ನ ಅಜ್ಜ ಇದ್ದದ್ದು ಸುಳ್ಳೇನಮ್ಮಾ ಹಂಗಾದ್ರ?" ಅಂದರು ಮೇಷ್ಟ್ರು.

"ಅಜ್ಜ ಇದ್ದಿರಬೇಕ್ರಿ. ದಾಖಲಿ ಇಲ್ಲ."

ಅವರ ಕನ್ನಡಕದ ಡಬ್ಬಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ನನ್ನ ಕುರ್ಚಿಯ ಪಕ್ಕ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಬೆನ್ನು ಹಿಡಿದುಕೊಂಡಿತೇನೋ ಎಂದು ಗಾಬರಿಯಾಯಿತು.

"ಎಬ್ಬಿಸ್ಲೇನ್ರಿ?"

"ಬ್ಯಾಡಮ್ಮಾ. ಓದಾಕತ್ತೀನಿ."

"ಏನು?"

"ನೀವು ಕುಂತದ್ದು. ಕೆಳಗಿಂದು ನಮ್ಮೂರಿನದ ಅದ."

ಎದ್ದೆ. ನಿಜಾಮರ ಕಾಲದ ಉರ್ದು ಅಕ್ಷರ ಓದಬಲ್ಲವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಅದು ಅಟೆಂಡರನ ಕಣ್ಣಿಗೆ ಬರೀ ರಟ್ಟಾಗಿ ಕಂಡಿತ್ತು. ಮೇಷ್ಟ್ರು ಟವೆಲ್ ಸರಿಸಿ, ಧೂಳು ಊದಿ, ಮೂರನೆಯ ಪುಟಕ್ಕೇ ಅಜ್ಜನನ್ನು ಹುಡುಕಿ ಕೊಟ್ಟರು. ಅಜ್ಜನ ಮೇಲೆ ಕೂತೇ ಅಜ್ಜನ ದಾಖಲೆ ಇಲ್ಲವೆಂದು ನಾಲ್ಕು ಸಲ ಟೈಪ್ ಮಾಡಿದ್ದೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ರಿಜಿಸ್ಟರ್ ಅಲ್ಲಿಯ ಸಾಹೇಬರ ಕೋಣೆಗೆ ಹೋಯಿತು. ನನ್ನ ಕುರ್ಚಿ ತಗ್ಗಾಯಿತು. ಹಾಗೇ ನಿಂತಿದ್ದೆ. ಅಟೆಂಡರ್ ಬಾಗಿಲಿಂದ ಇಣುಕಿ ಮೆಲ್ಲಗೆ ಕೇಳಿದ:

"ಅಕ್ಕಾರ, ಇನ್ನೊಂದು ಊರಿಂದು ಹಾಕ್ಲೇನ್ರಿ?"

ರಜೆ

ಕೊನೆಗೆ ಮೂರು ವಾರದ ರಜೆಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ವೈದ್ಯರ ಚೀಟಿ ಲಗತ್ತಿಸಿದೆ. ಸಾಹೇಬರು ಮೀಟಿಂಗಿನಿಂದ ಫೋನ್ ಮಾಡಿದರು.

"ಮೇಡಂ, ಮೂರು ವಾರ ನೀವು ಬರಲಿಲ್ಲಂದ್ರ ಕಚೇರಿ ನಡಿಯಂಗಿಲ್ಲ. ರಿಜೆಕ್ಟ್ ಮಾಡಬೇಕಾಗ್ತದ."

"ಮಾಡ್ರಿ ಸರ್."

"ನನ್ನ ಕೀ ನಿಮ್ಮಲ್ಲೇ ಅದಲ್ಲ. ನೀವ ಒತ್ತಿಬಿಡ್ರಿ."

"ನನ್ನ ಅರ್ಜಿ ನಾನೇ ರಿಜೆಕ್ಟ್ ಮಾಡ್ಲೇನ್ರಿ?"

"ನೀವಲ್ರೀ, ನಾನು. ನೀವು ಬರೇ ಒತ್ತೋರು."

ಮೊದಲು ಮ್ಯಾನೇಜರ ಕೀ ಚುಚ್ಚಿ 'ಶಿಫಾರಸು ಮಾಡಿಲ್ಲ' ಎಂದು ಒತ್ತಿದೆ. ಆಮೇಲೆ ಸಾಹೇಬರ ಕೀ. ಪರದೆಯ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ ಒಂದರ ಪಕ್ಕ ಒಂದು. ಒಂದು ಬೆರಳಿನಷ್ಟು ಆಚೆ ಸರಿದರೆ ಮೂರು ವಾರ ಮನೆಯಲ್ಲಿ. ನನಗೆ ಪ್ರಾಮಾಣಿಕತೆ ಕಲಿಸಿದ ಎಲ್ಲರನ್ನೂ ಮನಸ್ಸಿನಲ್ಲಿ ಬೈದು ಕೆಂಪು ಒತ್ತಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ತಿರಸ್ಕರಿಸಿದ್ದಕ್ಕೆ ಕಾರಣ ಬರೆಯದೆ ಪುಟ ಮುಂದೆ ಹೋಗುವುದಿಲ್ಲ. ಸಾಹೇಬರು ಫೋನ್ ಇಟ್ಟಾಗಿತ್ತು. ನಾನೇ ಯೋಚಿಸಿ ಬರೆದೆ: ಕೆಲಸದ ಒತ್ತಡ, ಸಿಬ್ಬಂದಿ ಕೊರತೆ, ಸಾರ್ವಜನಿಕ ಹಿತ, ಅರ್ಜಿದಾರರ ನೋವು ಪ್ರಾಣಾಪಾಯದ್ದಲ್ಲ. ಓದಿದವಳಲ್ಲವೇ, ಅರೆಮನಸ್ಸಿನಿಂದ ಬರೆಯಲು ಬರುವುದಿಲ್ಲ. ಗುಂಡಿ ಒತ್ತಿದ ಕೂಡಲೇ ನನ್ನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ರಜೆ ಅರ್ಜಿ ತಿರಸ್ಕೃತವಾಗಿದೆ.

ಮರುದಿನ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮೋರೆಯಲ್ಲಿ ನಿಜವಾದ ಕನಿಕರ ಇತ್ತು.

"ಕಾರಣ ಓದಿದೆ ಮೇಡಂ. ಭಾಳ ಛಲೋ ಬರದೀರಿ. ನೀವ ಹೇಳ್ರಿ, ಅದನ್ನ ಓದಿದ ಮ್ಯಾಲ ಯಾರರೆ ರಜಾ ಕೊಡಾಕ ಬರ್ತದೇನು?"

ಸಮಿತಿ

ಇನ್ನೊಂದು ದಾರಿ ಇತ್ತು. ಇಲಾಖೆಯ ವೈದ್ಯಕೀಯ ಸಮಿತಿ ದೃಢಪತ್ರ ಕೊಟ್ಟರೆ ಸಾಹೇಬರೂ ತಿರಸ್ಕರಿಸುವಂತಿಲ್ಲ. ಸಮಿತಿ ಕೂಡುವುದು ಬುಧವಾರಕ್ಕೊಮ್ಮೆ. ಎರಡು ಬುಧವಾರ ಬಾಗಿಲಲ್ಲಿ ಕೂತು, ಮೂರನೆಯದಕ್ಕೆ ಒಳಗೆ ಹೋದೆ.

ಸಮಿತಿಯ ಹಿರಿಯ ವೈದ್ಯರು ಕೈ ಹಿಡಿದು ಸಾವಕಾಶ ನೋಡಿದರು. ತಿರುಗಿಸಿದರು, ಒತ್ತಿದರು, ಚೆಂಡು ಹಿಡಿಸಿದರು. ಚೆಂಡು ಬಿತ್ತು.

"ಇಷ್ಟು ದಿನ ಹೆಂಗ ತಡಕೊಂಡ್ರೀ? ಮೂರು ವಾರ ಪೂರಾ ವಿಶ್ರಾಂತಿ ಬೇಕು ಇದಕ್ಕ. ಟೈಪಿಂಗ್ ಅಂತೂ ಬ್ಯಾಡನ ಬ್ಯಾಡ."

ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಸುತ್ತ ನೋಡಿದರು.

"ಆದ್ರ ದೃಢಪತ್ರ ಇವತ್ತು ಕೊಡಾಕ ಬರಂಗಿಲ್ಲ. ಟೈಪ್ ಆಗಬೇಕು. ಆಪರೇಟರ್ ಇಲ್ಲ."

"ಯಾವಾಗ ಬರ್ತಾರ್ರೀ?"

"ಯಾರಿಗೊತ್ತು. ಕೈ ಬ್ಯಾನಿ ಅಂತ ಮನ್ಯಾಗ ಅದಾನ."

"ಅವರಿಗೆ ರಜಾ ಯಾರು ಕೊಟ್ರು?"

"ಅವ ಎಲ್ಲಿ ಕೇಳ್ಯಾನ್ರೀ? ಬರೂದು ಬಿಟ್ಟಾನ, ಅಷ್ಟ."

ರಜೆಗೆ ಅರ್ಜಿ ಹಾಕಬೇಕು ಎಂದು ನನಗೆ ಕಲಿಸಿದವರ ಮೇಲೆ ಎರಡನೆಯ ಸಲ ಸಿಟ್ಟು ಬಂತು. ಕೈಬರಹದಲ್ಲಿ ಕೊಡಿ ಎಂದು ಕೇಳಿಕೊಂಡೆ. ಕೈಬರಹದ್ದನ್ನು ನಿಮ್ಮ ಕಚೇರಿ ಒಪ್ಪುವುದಿಲ್ಲ ಅಂದರು. ಸರಿಯೇ, ಒಪ್ಪದೆ ವಾಪಸು ಕಳಿಸುವವಳು ನಾನೇ. ಇನ್ನೊಂದು ಬುಧವಾರಕ್ಕೆ ಬಂದರೂ ಆಪರೇಟರ್ ಇರುವುದಿಲ್ಲ. ಏಳು ದಿನ ಮೌಸ್ ಒತ್ತುವುದಕ್ಕಿಂತ ಎರಡು ಪುಟ ಟೈಪ್ ಮಾಡುವುದು ಮೇಲು ಅನಿಸಿತು. "ನಾನ ಮಾಡ್ತೀನಿ ಹೇಳ್ರಿ," ಎಂದು ಕೂತೆ.

ಅವರು ಹೇಳುತ್ತ ಹೋದರು. 'ಬಲಗೈಯಲ್ಲಿ ತೀವ್ರ ನೋವು. ಬೆರಳುಗಳಲ್ಲಿ ಹಿಡಿತವಿಲ್ಲ. ಟೈಪಿಂಗ್ ಮಾಡಲು ಸಂಪೂರ್ಣ ಅಸಮರ್ಥರು.' ಹದಿನಾರು ವರ್ಷದ ರೂಢಿ. ಕೂತರೆ ಕೈ ನನ್ನ ಮಾತು ಕೇಳುವುದಿಲ್ಲ. ಅವರ ಮಾತು ಮುಗಿಯುವ ಮೊದಲು ಸಾಲು ಮುಗಿಯುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ ಹತ್ತಿತ್ತು. ಇದೇ ಕೊನೆ ಎಂದು ಹಲ್ಲು ಕಚ್ಚಿ ಮುಗಿಸಿದೆ.

ತಿರುಗಿ ನೋಡಿದರೆ ವೈದ್ಯರು ನನ್ನ ಹಿಂದೆ ನಿಂತಿದ್ದರು.

"ಏನು ಸ್ಪೀಡ್ ಅದರೀ ನಿಮ್ದು," ಅಂದರು. ಕನ್ನಡಕ ತೆಗೆದು ಒರೆಸಿದರು. "ಮೇಡಂ, ಇದಕ್ಕ ನಾ ಸಹಿ ಹೆಂಗ ಮಾಡ್ಲಿ? ಕಣ್ಣಾರೆ ನೋಡೀನಲ್ಲ."

"ಬ್ಯಾನಿ ಆಗಾಕತ್ತದ ಸರ್. ಈಗ ಇನ್ನೂ ಜಾಸ್ತಿ."

"ಇರಬಹುದು. ಆದ್ರ ಟೈಪ್ ಆತಲ್ಲ."

ಪ್ರಾಮಾಣಿಕರು. ಅದೇ ತೊಂದರೆ. ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದು ಇನ್ನೊಂದು ದೃಢಪತ್ರ ಹೇಳಿದರು: 'ಸಮಿತಿಯ ಸಮಕ್ಷಮ ಎರಡು ಪುಟ ಟೈಪ್ ಮಾಡಿದ್ದು, ಕರ್ತವ್ಯಕ್ಕೆ ಸಂಪೂರ್ಣ ಯೋಗ್ಯರಿದ್ದಾರೆ.' ಅದನ್ನೂ ನಾನೇ ಟೈಪ್ ಮಾಡಿದೆ. ತಪ್ಪು ಒಂದೂ ಇರಲಿಲ್ಲ.

ಹತ್ತು ದಿನಕ್ಕೆ ಆದೇಶ ಬಂತು. ಸಮಿತಿಯ ಆಪರೇಟರ್ ಕೈನೋವಿನಿಂದ ಹಾಜರಾಗುತ್ತಿಲ್ಲವಾದ್ದರಿಂದ, ಟೈಪಿಂಗಿಗೆ ಯೋಗ್ಯರೆಂದು ಸಮಿತಿಯೇ ದೃಢೀಕರಿಸಿರುವ ನನ್ನನ್ನು, ಅವರ ಕೈ ಗುಣವಾಗುವವರೆಗೆ, ಪ್ರತಿ ಬುಧವಾರ ಅಲ್ಲಿಗೆ ನಿಯೋಜಿಸಲಾಗಿತ್ತು.

ಮೊದಲ ಬುಧವಾರ ಹೋಗಿ ಕೂತೆ. ಎದುರಿಗೆ ಒಬ್ಬ ಗಟ್ಟಿಮುಟ್ಟಾದ ತರುಣ ಕೊರಳಿಗೆ ಜೋಳಿಗೆ ಕಟ್ಟಿಕೊಂಡು, ಅದರಲ್ಲಿ ಬಲಗೈ ಇಳಿಬಿಟ್ಟುಕೊಂಡು ನಿಂತಿದ್ದ. ಇಲ್ಲಿಯ ಆಪರೇಟರ್ ಅವನೇ. ಮನೆಯಲ್ಲಿದ್ದ ದಿನಗಳಿಗೆ ಹೇಗೂ ಒಂದು ಕಾಗದ ಇರಲಿ ಎಂದು ಬಂದಿದ್ದ. ವೈದ್ಯರು ಅವನ ಕೈ ನೋಡಿದರು, ಚೆಂಡು ಕೊಟ್ಟರು. ಅವನು ಚೆಂಡು ಬೀಳಿಸಿದ.

"ಪಾಪ, ಭಾಳ ಬ್ಯಾನಿ ಅದ ಅವಂಗ," ಅಂದರು ವೈದ್ಯರು. "ಮೂರು ವಾರ ಅಂತ ಹಾಕ್ರಿ ಮೇಡಂ."

ನಾನು ಟೈಪ್ ಮಾಡತೊಡಗಿದೆ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ.

"ಅಕ್ಕಾರ, ಮೂರು ಎಲ್ಲಿ ಸಾಲ್ತದ್ರೀ? ಆರು ಹೊಡೀರಿ."

ನಾನು ವೈದ್ಯರ ಮುಖ ನೋಡಿದೆ. ಅವರು ಪೆನ್ನಿನ ಟೊಪ್ಪಿಗೆ ಬಿಚ್ಚಿದರು.

"ಆರು ಹಾಕ್ರಿ. ಹೆಂಗೂ ನೀವು ಅದೀರಲ್ಲ."